ಗಿಲಕಿ ಸಿಡಿ

ಅಲ್ರೀ, ನಾರ್ವೆಯಿಂದ ತುಮಕೂರಿಗೆ ಬಂದ ಬ್ಲ್ಯಾಕ್ ಮೆಟಲ್ (ಅದೇ, ಕರ್ಕಶ ರಾಕ್ ಸಂಗೀತ) ಸಿಡಿ, ಅಲ್ಲಾಡಿಸಿದರೆ ಗಿಲಕಿ ಥರ ಸದ್ದು! ಮತ್ತೆ ಅದೇ ಗೋಳು. ಜ್ಯೂಯೆಲ್ ಕೇಸ್ ಅನ್ನೋ ಪ್ಲಾಸ್ಟಿಕ್ ಡಬ್ಬಿಯ ನಡುವೆ ಸಿಡಿ ಹಿಡಿದಿಡೋ ಹಲ್ಲು ಮುರಿದು, ಸಿಡಿ ಒಳಗೇ ಉರುಳಾಡಿ, ಆ ಚೂರುಗಳೇ ಹಿಂಬದಿ ಪೂರ್ತಿ ಗೀಚಿವೆ. ಸಿಡಿಯನ್ನು ಬಿಡಿಸಿ ತೆಳು ಕವರಿಗೆ ಹಾಕಿ ಕಳಿಸಿದ್ರೆ ಸಿಡಿ ಹೊರತರೋ ಲೇಬಲ್‌ನವರ ಗಂಟೇನು ಹೋಗುತ್ತೆ? ಖಾಲಿ ಕೇಸ್ ಹುಡುಕೋಣ ಅಂದ್ರೆ ಬಿ.ಎಚ್. ರಸ್ತೆ ತುಂಬ ಮೊಬೈಲ್ ಕವರೇ. ಡಿಜಿಪ್ಯಾಕ್ ಅನ್ನೋ ರಟ್ಟಿನ ಕೇಸ್ ಆದ್ರಂತೂ ಕರ್ಮ: ಸಿಡಿ ಕೂರೋ ತಟ್ಟೆ ರಟ್ಟಿಗೇ ಅಂಟಿರುತ್ತೆ, ಕಿತ್ತರೆ ರಟ್ಟೂ ಹರೀತು. ಸಿಡಿಗಿಂತ ಅಂಚೆ ಖರ್ಚೇ ಜಾಸ್ತಿ, ಮೇಲೆ ಕಸ್ಟಮ್ಸ್ ಸುಂಕ ಬೇರೆ. ಇಷ್ಟೆಲ್ಲ ಆಗಿ, ‘66 ಪ್ರತಿ ಮಾತ್ರ’ ಅನ್ನೋದನ್ನು ತಿರುಗಿಸಿದರೆ ಹಸಿರು ಛಾಯೆ! ಕಾರ್ಖಾನೆಯಲ್ಲಿ ಒತ್ತಿದ್ದಲ್ಲ, ಮನೆ ಕಂಪ್ಯೂಟರಲ್ಲಿ ರೈಟ್ ಮಾಡಿದ ಸಿಡಿ-ಆರ್. ಹಳೇ ಪ್ಲೇಯರ್ ಎಷ್ಟೋ ಸಲ ಅದನ್ನು ಮೂಸಿಯೂ ನೋಡಲ್ಲ. ನೋಡಿದರೂ ಆ ಕರಕರ ಹಾಡಿನದೋ ಗೀರಿನದೋ, ಯಾವನಿಗೆ ಗೊತ್ತು?