ಈ ವಾರದ ಪದ

ಕನ್ನಡದಲ್ಲಿ ಬರೆಯುವ ಹುಚ್ಚಿರುವ ಯಾರ ಫೋನು ತೆಗೆದು ನೋಡಿದರೂ ಎರಡೋ ಮೂರೋ ಸಾಹಿತ್ಯದ ವಾಟ್ಸಾಪ್ ಗುಂಪುಗಳು ಇದ್ದೇ ಇರುತ್ತವೆ. ಒಂದು ಬಳಗ, ಒಂದು ವೇದಿಕೆ, ಆ ವೇದಿಕೆಯಿಂದ ಜಗಳವಾಡಿಕೊಂಡು ಹೊರಬಂದವರು ಕಟ್ಟಿದ ಇನ್ನೊಂದು ವೇದಿಕೆ. ಪ್ರತಿಯೊಂದಕ್ಕೂ ಒಂದು ವೇಳಾಪಟ್ಟಿ. ಸೋಮವಾರ ಚಿತ್ರಕ್ಕೊಂದು ಕವನ, ಮಂಗಳವಾರ ಹಾಯ್ಕು, ಬುಧವಾರ ಟಂಕಾ, ಗುರುವಾರ ಗಜಲ್, ಶುಕ್ರವಾರ ಒಂದು ಪದ ಕೊಟ್ಟು ಬರೆಸುವುದು, ಶನಿವಾರ ಕಿರುಗತೆ. ಭಾನುವಾರ ಫಲಿತಾಂಶ. ಗೆದ್ದವರಿಗೆ ಅಭಿನಂದನಾ ಪತ್ರ. ಅದರ ಸುತ್ತ ಹೂಬಳ್ಳಿ, ಮೇಲೆ ಭುವನೇಶ್ವರಿ, ನಡುವೆ ಗೆದ್ದವರ ಪಾಸ್‌ಪೋರ್ಟ್ ಅಳತೆಯ ಫೋಟೊ. ಆಧಾರ್ ಕಾರ್ಡಿನಲ್ಲಿರುವುದಕ್ಕಿಂತ ಸ್ವಲ್ಪ ವಾಸಿ, ಅಷ್ಟೇ.

ದೊಡ್ಡ ಸಾಹಿತಿಗಳು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ಕವಿತೆ ಒಳಗಿನಿಂದ ಬರಬೇಕು, ವಿಷಯ ಕೊಟ್ಟು ಬರೆಸಿದರೆ ಅದು ಕವಿತೆಯೇ ಅಂತ ಅವರ ಪ್ರಶ್ನೆ. ನಾನೂ ಇಂಥದ್ದೊಂದು ಗುಂಪಿನಲ್ಲಿದ್ದೇನೆ, ಖುಷಿಯಾಗಿಯೇ ಇದ್ದೇನೆ. ಒಳಗಿನಿಂದ ಬರಲಿ ಎಂದು ಕಾಯುತ್ತ ಕೂತಿದ್ದರೆ ನನ್ನಂಥವರಿಗೆ ಒಳಗಿನಿಂದ ಬರುವುದು ಆಕಳಿಕೆ ಮಾತ್ರ.

ಅಷ್ಟಕ್ಕೂ ವಿಷಯ ಕೊಟ್ಟು ಬರೆಸುವ ಕೆಲಸ ನಮ್ಮಲ್ಲಿ ವಾಟ್ಸಾಪಿನಿಂದ ಶುರುವಾದದ್ದೇನಲ್ಲ. ಅಷ್ಟಾವಧಾನ ನೋಡಿದವರಿಗೆ ಗೊತ್ತು. ನಡುವೆ ಕೈಯಲ್ಲಿ ಪೆನ್ನು ಹಾಳೆ ಏನೂ ಇಲ್ಲದ ಕವಿ, ಸುತ್ತ ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು. ಅವರ ಕೆಲಸವೇ ಕವಿಯನ್ನು ಕಾಡುವುದು. ದತ್ತಪದಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಕೊಡುತ್ತಾರೆ. ಇಡ್ಲಿ, ದೋಸೆ, ವಡೆ, ಪೂರಿ ಇಟ್ಟುಕೊಂಡು ಪಾರ್ವತಿಯ ತಪಸ್ಸು ವರ್ಣಿಸಿ ಅನ್ನುವಂಥ ತುಂಟತನ. ಕವಿ ವಡೆಯನ್ನು 'ಬರುವಡೆ'ಯೊಳಗೆ, ಪೂರಿಯನ್ನು 'ಪೂರಿತ'ದೊಳಗೆ ಅಡಗಿಸಿ ಪಾರಾಗಬೇಕು. ನಿಷೇಧಾಕ್ಷರಿ ಇನ್ನೂ ಮಜಾ. ಕವಿ 'ರಾ' ಎಂದ ಕೂಡಲೇ ಪೃಚ್ಛಕರು 'ಮ' ಬೇಡ ಎನ್ನುತ್ತಾರೆ. ಸರಿ ಎಂದು 'ರಾಘ' ಕಡೆ ತಿರುಗಿದರೆ 'ವ' ಬೇಡ. ಹೀಗೆ ಅಕ್ಷರ ಅಕ್ಷರಕ್ಕೂ ಬೇಲಿ. ಇದರ ನಡುವೆ ಅಪ್ರಸ್ತುತ ಪ್ರಸಂಗದವರು ಎದ್ದು, ಸ್ವಾಮಿ, ಗಂಡ ಹೆಂಡತಿ ಜಗಳದಲ್ಲಿ ಟಿವಿ ರಿಮೋಟು ಯಾರ ಪರ ಅಂತ ಕೇಳುತ್ತಾರೆ. ಅದಕ್ಕೂ ಉತ್ತರ ಕೊಟ್ಟು, ಬಿಟ್ಟುಬಂದ ಸಾಲಿಗೆ ವಾಪಸ್ಸು ಹೋಗಬೇಕು. ಕಡೆಗೆ ಎಲ್ಲ ಪದ್ಯಗಳನ್ನೂ ನೆನಪಿನಿಂದ ಒಪ್ಪಿಸಬೇಕು. ಶತಾವಧಾನಿ ಆರ್. ಗಣೇಶ್ ಅವರು ಇಂಥ ಅವಧಾನಗಳನ್ನು ಸಾವಿರಕ್ಕೂ ಮೀರಿ ಮಾಡಿದ್ದಾರೆ. ನಮ್ಮ ಗುಂಪಿನಲ್ಲಿ ಒಂದು ಪದಕ್ಕೆ ಇಡೀ ವಾರ ಟೈಮು, ಆದರೂ ಶುಕ್ರವಾರ ಬೆಳಿಗ್ಗೆ 'ಇನ್ನೊಂದು ದಿನ ಕೊಡಿ ಮೇಡಂ' ಅನ್ನುವವರು ಇದ್ದೇ ಇರುತ್ತಾರೆ.

ಅವಧಾನದಲ್ಲೇ ಇನ್ನೊಂದು ಅಂಗ ಸಮಸ್ಯಾಪೂರಣ. ಪದ್ಯದ ಕೊನೆಯ ಸಾಲನ್ನು ಪೃಚ್ಛಕರು ಕೊಡುತ್ತಾರೆ, ಅದು ನೋಡಲು ಅಸಂಬದ್ಧವಾಗಿರುತ್ತದೆ, ಅದಕ್ಕೆ ಅರ್ಥ ಬರುವ ಹಾಗೆ ಮೇಲಿನ ಮೂರು ಸಾಲನ್ನು ಕವಿ ಕಟ್ಟಬೇಕು. ಇದರ ಬಗ್ಗೆ ಹಳೆಯ ಕಥೆಯೊಂದಿದೆ. ಭೋಜರಾಜ ಒಮ್ಮೆ ಸಭೆಯಲ್ಲಿ 'ಠಠಂ ಠಠಂ ಠಂ' ಅಂತ ಬರೀ ಠಕಾರದ ಒಂದು ಸಾಲು ಕೊಟ್ಟನಂತೆ. ಪಂಡಿತರೆಲ್ಲ ಮುಖ ಮುಖ ನೋಡಿಕೊಂಡರು. ಕಾಳಿದಾಸ ಎದ್ದು ಪೂರ್ತಿ ಮಾಡಿದ. ರಾಮನ ಪಟ್ಟಾಭಿಷೇಕಕ್ಕೆ ನೀರು ತರುತ್ತಿದ್ದ ಹುಡುಗಿಯ ಕೈಯಿಂದ ಚಿನ್ನದ ಕೊಡ ಜಾರಿತು, ಮೆಟ್ಟಿಲ ಮೇಲೆ ಉರುಳಿಕೊಂಡು ಹೋಗುತ್ತ ಹೀಗೆ ಸದ್ದು ಮಾಡಿತು: ಠಠಂ ಠಠಂ ಠಂ. ಕಾಳಿದಾಸನಿಗೂ ಭೋಜನಿಗೂ ನಡುವೆ ಐನೂರು ವರ್ಷಕ್ಕೂ ಜಾಸ್ತಿ ಅಂತರ. ಕಥೆ ಕಟ್ಟಿದವರು ಅದಕ್ಕೆಲ್ಲ ತಲೆ ಕೆಡಿಸಿಕೊಂಡಿಲ್ಲ.

ನನಗೆ ಇಷ್ಟವಾಗುವುದು ಆ ಹುಡುಗಿ. ರಾಮನ ಪಟ್ಟಾಭಿಷೇಕದ ಮೇಲೆ ಪದ್ಯ ಬರೆ ಅಂತ ರಾಜ ಕೇಳಿದ್ದರೆ ಅವಳು ಬರುತ್ತಲೇ ಇರಲಿಲ್ಲ. ಸಿಂಹಾಸನ ಬರುತ್ತಿತ್ತು, ಛತ್ರ ಚಾಮರ ಬರುತ್ತಿದ್ದವು, ದೇವತೆಗಳು ಹೂಮಳೆ ಸುರಿಸುತ್ತಿದ್ದರು. ಅರ್ಥವಿಲ್ಲದ ಒಂದು ಸದ್ದು ಕೊಟ್ಟದ್ದಕ್ಕೆ ಮೆಟ್ಟಿಲು ಬಂತು, ಕೊಡ ಬಂತು, ಗಾಬರಿಯಲ್ಲಿ ಕೈ ಜಾರಿದ ಹುಡುಗಿ ಬಂದಳು.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಶಾಲೆಗಳಲ್ಲಿ ವಿಷಯ ಕೊಡುವ ರೀತಿಯೇ ಉಲ್ಟಾ. ಗಾದೆ ವಿಸ್ತರಣೆ ನೆನಪಿದೆ ಅಲ್ವಾ? ಗಾದೆ ಯಾವುದೇ ಇರಲಿ, ರಾಜ್ಯದ ಎಲ್ಲ ಮಕ್ಕಳ ಉತ್ತರವೂ 'ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಅಂತಲೇ ಶುರುವಾಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಅಂತ ಬರೆದ ಮಗು ಕೆಸರನ್ನೂ ನೋಡುವುದಿಲ್ಲ, ಮೊಸರನ್ನೂ ನೋಡುವುದಿಲ್ಲ. ನೋಡದೆ ಬರೆದರೂ ಅಂಕ ಬರುತ್ತದೆ. ಮುಂದೆ ದೊಡ್ಡವರಾಗಿ ವಾಟ್ಸಾಪ್ ಗುಂಪಿಗೆ ಸೇರುವವರೂ ಅದೇ ಮಕ್ಕಳು.

ನಮ್ಮ ಗುಂಪಿನಲ್ಲಿ 'ಅಮ್ಮ' ಅಂತ ಪದ ಕೊಟ್ಟ ವಾರ ಪದ್ಯಗಳು ರಾಶಿ ಬಿದ್ದವು. ಎಲ್ಲದರಲ್ಲೂ ಹೊತ್ತು ಹೆತ್ತವಳು, ತುತ್ತು ಇತ್ತವಳು. ಪ್ರಾಸ ಕೂಡ ಅವವೇ. ಯಾವ ಪದ್ಯ ಯಾರದ್ದು ಅಂತ ಹೆಸರು ನೋಡದೆ ಹೇಳುವ ಹಾಗಿರಲಿಲ್ಲ. ಇಷ್ಟೊಂದು ಅಮ್ಮಂದಿರಲ್ಲಿ ಒಬ್ಬರಿಗಾದರೂ ಬೆನ್ನುನೋವು, ಧಾರಾವಾಹಿ ಹುಚ್ಚು, ಸೊಸೆ ಮೇಲೆ ಸಣ್ಣ ಸಿಟ್ಟು, ಏನೂ ಇರಲಿಲ್ಲ ಅಂದರೆ ನಂಬುವುದು ಹೇಗೆ?

ಇನ್ನೊಂದು ವಾರದ ಪದ 'ಬೀಗ'. ಇದಕ್ಕೂ ಅರ್ಧ ಜನ ಹೃದಯಕ್ಕೇ ಬೀಗ ಹಾಕಿ ಕಳಿಸಿದರು, ಅದು ಇದ್ದದ್ದೇ. ನಮ್ಮಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ, ಯಾವ ಪದ ಕೊಟ್ಟರೂ ಅದನ್ನು ವಿರಹಕ್ಕೆ ತಂದು ನಿಲ್ಲಿಸುವ ಶಕ್ತಿ ಅವರಿಗಿದೆ. ಅವರ ನಲ್ಲೆ ಬೀಗದ ಕೈ ಸಮೇತ ಹೊರಟುಹೋದಳು. ಇನ್ನೊಬ್ಬರು ಮಗಳ ಮದುವೆಯ ಬೀಗರ ಊಟದ ಬಗ್ಗೆ ಬರೆದು ಕಳಿಸಿದರು. ಅಡ್ಮಿನ್ ಮೇಡಂ ಸ್ವಲ್ಪ ಹೊತ್ತು ಯೋಚಿಸಿ ಅದನ್ನೂ ಒಪ್ಪಿಕೊಂಡರು. ಆದರೆ ಹೊಲಿಗೆ ಅಂಗಡಿ ಇಟ್ಟಿರುವ ಒಬ್ಬರು ಬರೆದದ್ದು ಹೀಗಿತ್ತು. ಪಕ್ಕದ ಮನೆಯವರು ಮಗನ ಹತ್ತಿರ ಹೋಗುವಾಗ ಇವರ ಕೈಗೆ ಬೀಗದ ಕೈ ಕೊಟ್ಟು, ಹಿತ್ತಲ ತುಳಸಿಗೆ ನೀರು ಹಾಕಿ ಅಂದರು. ಮೊದಲೆರಡು ದಿನ ಇವರು ನೀರು ಹಾಕಿ ಬಂದರು. ಆಮೇಲಾಮೇಲೆ ಬರುವಾಗ ನಡುಮನೆಯಲ್ಲಿ ಐದು ನಿಮಿಷ ಕೂತು ಬರತೊಡಗಿದರು. ಫ್ಯಾನ್ ಹಾಕಲಿಲ್ಲ, ಕರೆಂಟು ಅವರದ್ದು. ಸುಮ್ನೆ ಕೂತರು. 'ಅಮ್ಮಾ' ಅಂತ ಯಾರೂ ಕರೆಯದ ಐದು ನಿಮಿಷಕ್ಕೆ ಬೇರೆಯವರ ಮನೆಯ ಬೀಗ ತೆಗೆಯಬೇಕಾಯಿತು. ಅಷ್ಟೇ ಇದ್ದದ್ದು, ಪ್ರಾಸ ಇರಲಿಲ್ಲ. ಇದೇ ಮಹಿಳೆ 'ಅಮ್ಮ' ವಾರದಲ್ಲಿ ತುತ್ತಿನ ಪದ್ಯವನ್ನೇ ಬರೆದಿದ್ದರು.

ದೊಡ್ಡ ವಿಷಯಗಳಿಗೆ ಆಡಿ ಆಡಿ ಸವೆದ ಮಾತುಗಳು ರೆಡಿಯಾಗಿ ಕಾದಿರುತ್ತವೆ. ಬೀಗ, ಚಪ್ಪಲಿ, ಕುಕ್ಕರಿನ ಸೀಟಿ, ಇಂಥವಕ್ಕೆ ಹಾಗೆ ಯಾರೂ ಮಾಡಿಟ್ಟಿಲ್ಲ. ಹಾಗಾಗಿ ನಾವೇ ಹೋಗಿ ನೋಡಬೇಕಾಗುತ್ತದೆ. ಸ್ಫೂರ್ತಿ ಅಂತ ಏನಾದರೂ ಇದ್ದರೆ ಅದು ಆಮೇಲೆ ಬರುತ್ತದೆ, ಬರೆಯತೊಡಗಿ ಎರಡನೇ ಪ್ಯಾರಾ ಹೊತ್ತಿಗೆ.

ಆದರೆ ಒಳ್ಳೆಯ ಪದ ಸಿಕ್ಕರಷ್ಟೇ ಸಾಲದು, ಯಾರೋ ಕಾಯುತ್ತಿದ್ದಾರೆ ಅನ್ನುವುದೂ ಬೇಕು. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯ ಪ್ರಕಟಣೆ ಬಂದರೆ ನಾಡಿನಲ್ಲಿ ಎಷ್ಟು ಜನರ ಡ್ರಾಯರಿನೊಳಗೆ ಅರ್ಧಕ್ಕೆ ನಿಂತ ಕಥೆಗಳು ಮಗ್ಗುಲು ಬದಲಿಸುತ್ತವೋ ಲೆಕ್ಕವಿಲ್ಲ. ಬಹುಮಾನ ಸಿಗುವುದು ಕೆಲವರಿಗೆ. ಕಥೆ ಮುಗಿಯುವುದು ಕಳಿಸಿದವರಿಗೆಲ್ಲ. ಮೊದಲು ಕಾಗದದ ಒಂದೇ ಮಗ್ಗುಲಲ್ಲಿ ಅಂದವಾಗಿ ಬರೆದು, ಕೊನೆಯ ದಿನದ ಟಪಾಲಿಗೆ ಓಡುತ್ತಿದ್ದರು. ಈಗ ಕೊನೆಯ ದಿನ ರಾತ್ರಿ ಹನ್ನೊಂದೂ ಐವತ್ತೆಂಟಕ್ಕೆ ಮೇಲ್ ಮಾಡುತ್ತಾರೆ. ಓಡುವುದು ತಪ್ಪಿದೆ, ಎದೆಬಡಿತ ಅದೇ ಇದೆ.

ಅಮೆರಿಕದಲ್ಲಿ 1999ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಕಡೆಯ 21 ಜನ ಸೇರಿಕೊಂಡು ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯುವ ಹಟಕ್ಕೆ ಬಿದ್ದರು. ನ್ಯಾನೊರೈಮೊ ಅಂತ ಹೆಸರು. ಆಮೇಲೆ ಅದು ಪ್ರತಿ ನವೆಂಬರಿನ ಜಾತ್ರೆಯಾಯಿತು, ಲಕ್ಷಾಂತರ ಜನ ಸೇರಿದರು, ಕಡೆಗೆ ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು. ತಿಂಗಳಿಗೆ 50,000 ಅಂದರೆ ದಿನಕ್ಕೆ ಸುಮಾರು 1,667 ಪದ. ಕನ್ನಡದಲ್ಲಿ ಈ ಲೆಕ್ಕ ಕಷ್ಟ. 'ಹೋಗಬೇಕಾಗಿತ್ತಂತೆ' ಅಂತ ಇಷ್ಟುದ್ದ ಬರೆದರೂ ಒಂದೇ ಪದ, ಇಂಗ್ಲಿಷಿನವರು ಅದರಲ್ಲೇ ಐದಾರು ಪದ ಗಿಟ್ಟಿಸಿಕೊಳ್ಳುತ್ತಾರೆ. ಅದೂ ಅಲ್ಲದೆ ನವೆಂಬರಿನಲ್ಲಿ ಕನ್ನಡದ ಲೇಖಕರಿಗೆ ಬರೆಯಲು ಪುರುಸೊತ್ತೆಲ್ಲಿ? ರಾಜ್ಯೋತ್ಸವದ ಶಾಲು ಹೊದಿಸಿಕೊಳ್ಳುವ ಕೆಲಸವೇ ಡಿಸೆಂಬರ್ ತನಕ ನಡೆಯುತ್ತದೆ.

ಗುಂಪುಗಳಲ್ಲಿ ಬೇಜಾರಿನ ಸಂಗತಿಯೂ ಇದೆ. ನಲವತ್ತು ಸಾಲಿನ ಪದ್ಯ ಹಾಕಿದ ನಾಲ್ಕೇ ಸೆಕೆಂಡಿಗೆ 'ಅದ್ಭುತ ಸರ್' ಅಂತ ಬಂದುಬಿಡುತ್ತದೆ. ಹಿಂದೆಯೇ ಮೂರು ಚಪ್ಪಾಳೆ, ಎರಡು ಗುಲಾಬಿ. ಕವಿಗೋಷ್ಠಿಯಲ್ಲಿ ತಮ್ಮ ಪದ್ಯ ಓದಿ ಬಸ್ಸಿಗೆ ಟೈಮಾಯಿತು ಅಂತ ಎದ್ದು ಹೋಗುವವರಿಗೂ ಇವರಿಗೂ ಏನೂ ವ್ಯತ್ಯಾಸವಿಲ್ಲ. ನಮ್ಮ ಅಡ್ಮಿನ್ ಮೇಡಂ ಇದಕ್ಕೊಂದು ನಿಯಮ ತಂದರು. ಪದ್ಯ ಹಾಕುವ ಮೊದಲು ಬೇರೆಯವರ ಒಂದು ಸಾಲು ಆರಿಸಿ, ಅದು ಯಾಕೆ ಹಿಡಿಸಿತು ಅಥವಾ ಹಿಡಿಸಲಿಲ್ಲ ಅಂತ ಬರೆಯಬೇಕು. ಒಂದಿಷ್ಟು ಜನ ಮುನಿಸಿಕೊಂಡು ಗುಂಪು ಬಿಟ್ಟರು. ಉಳಿದವರಿಗೆ ಹೊಸ ಭಯ ಹುಟ್ಟಿತು. ನಾವು ಬರೆದದ್ದನ್ನು ಯಾರೋ ನಿಜವಾಗಿ ಓದುತ್ತಾರೆ ಅನ್ನುವ ಭಯ. ನನ್ನ 'ಮಂಜಿನ ಮುಸುಕು' ಅನ್ನುವ ಮಾತಿನ ಕೆಳಗೆ ಹೊಲಿಗೆ ಅಂಗಡಿಯವರು 'ಇದು ಎಲ್ಲರ ಹತ್ತಿರಾನೂ ಇದೆ ಸರ್, ರೆಡಿಮೇಡ್' ಅಂತ ಬರೆದರು. ಆವತ್ತಿನಿಂದ ನಾನು ಪದ್ಯ ಹಾಕುವ ಮುಂಚೆ ಅವರು ಏನನ್ನಬಹುದು ಅಂತ ಒಮ್ಮೆ ಯೋಚಿಸುತ್ತೇನೆ. ಎಷ್ಟೋ ವಾರ ಬರೆಯಲು ಕೂರುವುದೂ ಅವರು ಏನನ್ನುತ್ತಾರೋ ನೋಡೋಣ ಅಂತಲೇ.

ಮುಂದಿನ ವಾರ ಪದ ಕೊಡುವ ಸರದಿ ನನ್ನದು. 'ಬೆಳದಿಂಗಳು' ಕೊಡಿ ಅಂತ ಮೇಷ್ಟ್ರು ಬೇರೆಯಾಗಿ ಮೆಸೇಜು ಹಾಕಿ ಕೇಳಿದ್ದಾರೆ. ನಾನು 'ಗ್ಯಾಸ್ ಸಿಲಿಂಡರಿನ ವಾಷರ್' ಅಂತ ಕೊಡುವವನಿದ್ದೇನೆ. ನಲ್ಲೆ ಅದರ ಮೂಲಕವೂ ಹೊರಟುಹೋಗುತ್ತಾಳೆ, ನನಗೇನೂ ಅನುಮಾನವಿಲ್ಲ. ಯಾವ ಸಾಲಿನಲ್ಲಿ ಹೋಗುತ್ತಾಳೆ ಅನ್ನುವುದಷ್ಟೇ ನೋಡಬೇಕು.