ದುಡ್ಡಿದ್ದರೆ ಸಾಕೇ?

ಅಮೆರಿಕದಲ್ಲಿ ಬಸಿರು, ಬಾಣಂತನದಲ್ಲಿ ಕಪ್ಪು ತಾಯಂದಿರು ಜಾಸ್ತಿ ಸಾಯುವುದಕ್ಕೆ ಬಡತನವೇ ಕಾರಣ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ಅರ್ಧ ಮಾತ್ರ ಒಪ್ಪುತ್ತೇನೆ.

2023ರಲ್ಲಿ ಅಲ್ಲಿ ಒಂದು ಲಕ್ಷ ಹೆರಿಗೆಗೆ ಸುಮಾರು 50 ಕಪ್ಪು ತಾಯಂದಿರು ತೀರಿಕೊಂಡರು. ಬಿಳಿಯರಲ್ಲಿ 14.5. ಬರೀ ದುಡ್ಡಿನ ಮಾತಾಗಿದ್ದರೆ ಓದಿ ಚೆನ್ನಾಗಿ ದುಡಿಯುವವರಾದರೂ ಬಚಾವಾಗಬೇಕಿತ್ತು, ಅಲ್ವಾ? ಆದರೆ ಸರ್ಕಾರದ್ದೇ ಲೆಕ್ಕದಲ್ಲಿ, ಡಿಗ್ರಿ ಮುಗಿಸಿದ ಕಪ್ಪು ಹೆಂಗಸಿಗೆ ಹೈಸ್ಕೂಲೂ ಮುಗಿಸದ ಬಿಳಿ ಹೆಂಗಸಿಗಿಂತ ಅಪಾಯ ಹೆಚ್ಚು.

ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಅವರನ್ನೇ ನೋಡಿ. 2017ರಲ್ಲಿ ಸಿಸೇರಿಯನ್ ಆದ ಮರುದಿನ ಉಸಿರು ಕಟ್ಟಿದಂತಾಯಿತು. ಹಿಂದೆಯೂ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಹಾಗಾಗಿ ತಾವೇ ಸ್ಕ್ಯಾನ್ ಮಾಡಿ ಎಂದರು. ನೋವಿನ ಔಷಧಿಯ ಮಂಪರಿನಲ್ಲಿ ಏನೋ ಹೇಳುತ್ತಿದ್ದಾರೆ ಎಂದುಕೊಂಡರಂತೆ ನರ್ಸ್. ಪಟ್ಟು ಹಿಡಿದು ಸ್ಕ್ಯಾನ್ ಮಾಡಿಸಿದಾಗ ಹೆಪ್ಪು ಕಂಡಿತು. ಅವರಿಗೇ ಹೀಗಾದರೆ ಉಳಿದವರ ಮಾತು ಯಾರು ಕೇಳುತ್ತಾರೆ?

ಬಡತನವೂ ಸುಮ್ನೆ ಬಂದದ್ದಲ್ಲ. 1930ರ ದಶಕದಲ್ಲಿ ಕಪ್ಪು ಜನರ ಬಡಾವಣೆಗಳಿಗೆ ನಕ್ಷೆಯಲ್ಲಿ ಕೆಂಪು ಬಳಿದು, ಮನೆ ಸಾಲ ಸಿಗದಂತೆ ಮಾಡಿದ್ದರು. ಇನ್ನು ಬಡವರ ವಿಮೆಯಾದ ಮೆಡಿಕೇಡ್‌ನಲ್ಲಿ, ಗರ್ಭಿಣಿ ಎಂದು ಸೇರಿಸಿಕೊಂಡವರಿಗೆ ಹೆರಿಗೆಯಾಗಿ 60 ದಿನಕ್ಕೇ ರಕ್ಷಣೆ ನಿಲ್ಲಬಹುದಿತ್ತು. 2022ರಿಂದಷ್ಟೇ ರಾಜ್ಯಗಳು ಅದನ್ನು ಸುಲಭವಾಗಿ ಒಂದು ವರ್ಷಕ್ಕೆ ಏರಿಸುವಂತಾಯಿತು. ಬಾಣಂತಿಯ ಕಷ್ಟ ಎರಡೇ ತಿಂಗಳಿಗೆ ಮುಗಿಯುತ್ತದೆ ಅಂತ ಯಾವ ಅಜ್ಜಿ ಹೇಳಿಕೊಟ್ಟಿದ್ದರೋ!