ಇಪ್ಪತ್ತಾರನೆಯ ಅಜ್ಜಿ

ನಮ್ಮೂರಿನಲ್ಲಿ ಸಮಾಜ ಕಲ್ಯಾಣ ನಡೆಸುತ್ತಿರುವವರು ಯಾರು ಎಂದು ಕೇಳಿದರೆ ನಾನು ಬಸ್ ನಿಲ್ದಾಣದ ಹಿಂದಿನ ಕಿರಾಣಿ ಅಂಗಡಿಯನ್ನು ತೋರಿಸುತ್ತೇನೆ. ಗಲ್ಲಾದ ಹಿಂದೆ ಕುಳಿತಿರುವ ಶೆಟ್ಟರಿಗೆ ತಮ್ಮ ತಲೆಯ ಮೇಲೆ ಇಷ್ಟು ದೊಡ್ಡ ಖಾತೆ ಇದೆ ಎಂಬುದು ಗೊತ್ತಿಲ್ಲ. ಪಾಪ, ಅವರು ಬರೀ ಉದ್ದರಿ ಕೊಡುತ್ತಿದ್ದೇನೆ ಎಂದುಕೊಂಡಿದ್ದಾರೆ.

ನಾನು ಒಂದು ಪುಟ್ಟ ವೃದ್ಧಾಶ್ರಮದ ಖಜಾಂಚಿ. ಖಜಾನೆ ಇಲ್ಲದ ಖಜಾಂಚಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದೆ. ಲೆಕ್ಕ ಬಲ್ಲವನು ಎಂಬ ಅಪವಾದದ ಮೇಲೆ ಈ ಹುದ್ದೆ ಕೊರಳಿಗೆ ಬಿತ್ತು. ಸ್ವಯಂಸೇವಾ ಸಂಸ್ಥೆ ಎಂದರೇನು ಎಂಬುದು ಆಮೇಲೆ ತಿಳಿಯಿತು. ಸೇವೆ ನಾವು ಮಾಡುತ್ತೇವೆ. ಸರ್ಕಾರ ಸ್ವಯಂ ಇಚ್ಛೆ ಬಂದಾಗ ಹಣ ಕೊಡುತ್ತದೆ.

ಆಶ್ರಮ ಶುರುವಾದಾಗ ಶೆಟ್ಟರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಮೇಷ್ಟ್ರೇ, ಎಷ್ಟು ಜನಕ್ಕೆ ಅಡುಗೆ?" ಸಂಖ್ಯೆ ಹೇಳಿದೆ. ಅಕ್ಕಿ, ಬೇಳೆ, ಎಣ್ಣೆ ಸಂಜೆಯೊಳಗೆ ಆಟೊದಲ್ಲಿ ಬಂದವು. ಸರ್ಕಾರ ಕೇಳಿದ ಪ್ರಶ್ನೆಗಳಲ್ಲಿ ಈ ಪ್ರಶ್ನೆ ನಲವತ್ತನೆಯದೋ ಐವತ್ತನೆಯದೋ ಆಗಿತ್ತು. ಅದಕ್ಕೂ ಮೊದಲು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿ ಸಲ್ಲಿಸಿದ್ದೀರಾ? ಆದಾಯ ತೆರಿಗೆಯಲ್ಲಿ ಸಂಸ್ಥೆಗೆ ವಿನಾಯಿತಿ ಕೊಡುವ 12ಎ, ದಾನಿಗಳಿಗೆ ವಿನಾಯಿತಿ ಕೊಡುವ 80ಜಿ ನೋಂದಣಿ ಉಂಟೇ? ಒಮ್ಮೆ ಪಡೆದರೆ ಜನ್ಮಕ್ಕಾಯಿತು ಎಂದು ನಿಶ್ಚಿಂತೆಯಿಂದ ಇದ್ದವರಿಗೆ 2021ರಿಂದ ಅವಕ್ಕೂ ವಾಯಿದೆ ಬಂದಿದೆ, ನವೀಕರಿಸಿದ್ದೀರಾ? ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ನೋಂದಾಯಿಸಿ ವಿಶಿಷ್ಟ ಸಂಖ್ಯೆ ಪಡೆದಿದ್ದೀರಾ? ದರ್ಪಣ ಎಂದರೆ ಕನ್ನಡಿ. ಕನ್ನಡಿಯೊಳಗಿನ ಗಂಟು ಎಂಬ ಮಾತನ್ನು ಬಲ್ಲ ಕನ್ನಡಿಗರನ್ನು ಕೇಳದೆ ಆ ಹೆಸರಿಟ್ಟರು ಎಂದು ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೆ ಬಾಂಡು. ಇದನ್ನು ಬರೆದುಕೊಡಬೇಕಾದ್ದು ಸಾಕ್ಷಾತ್ ಭಾರತದ ರಾಷ್ಟ್ರಪತಿಯವರಿಗೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಷರತ್ತು ತಪ್ಪಿದರೆ ಅನುದಾನವನ್ನು ಶೇಕಡ 10ರ ಬಡ್ಡಿ ಸೇರಿಸಿ ಹಿಂತಿರುಗಿಸುತ್ತೇವೆ ಎಂದು ಸಂಸ್ಥೆಯೂ ಜಾಮೀನುದಾರರೂ ಒಪ್ಪಿ ಬರೆಯಬೇಕು. ನಮ್ಮ ಜಾಮೀನುದಾರರಲ್ಲಿ ಒಬ್ಬರು ಹಾಲಿನ ಡೇರಿಯ ಮಾಜಿ ಕಾರ್ಯದರ್ಶಿ. ಛಾಪಾ ಕಾಗದದ ಮೇಲೆ ರಾಷ್ಟ್ರಪತಿಯವರ ಹೆಸರು ಕಂಡು ಅವರು ಮನೆಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಸಹಿ ಮಾಡಿದರು.

ಬಡ್ಡಿಯ ವಿಷಯದಲ್ಲಿ ಸರ್ಕಾರದ ನ್ಯಾಯಪ್ರಜ್ಞೆ ಅಪಾರವಾದದ್ದು. ನಾವು ತಪ್ಪಿದರೆ ಶೇಕಡ 10. ಅನುದಾನದ ಹಣ ನಮ್ಮ ಬ್ಯಾಂಕ್ ಖಾತೆಯಲ್ಲಿ ಎರಡು ದಿನ ತಂಗಿ ನಾಲ್ಕು ಕಾಸು ಬಡ್ಡಿ ಹುಟ್ಟಿದರೆ ಅದೂ ಭಾರತದ ಸಂಚಿತ ನಿಧಿಗೆ ವಾಪಸ್ ಹೋಗಬೇಕು. ಕಳೆದ ಸಲ ಹದಿನೇಳು ರೂಪಾಯಿ ಹುಟ್ಟಿತ್ತು. ಅದನ್ನು ದೆಹಲಿಗೆ ಮುಟ್ಟಿಸಲು ಸೈಬರ್ ಅಂಗಡಿಯವನಿಗೆ ಐವತ್ತು ರೂಪಾಯಿ ತೆತ್ತೆ. ಸರ್ಕಾರವೇ ಹನ್ನೊಂದು ತಿಂಗಳು ತಡಮಾಡಿದರೆ? ಆ ಬಗ್ಗೆ ನಿಯಮ ಮೌನವ್ರತದಲ್ಲಿದೆ. ಆ ಹನ್ನೊಂದು ತಿಂಗಳ ಬಡ್ಡಿ ಹೊರುವವರು ಶೆಟ್ಟರು. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎನ್ನುತ್ತಾರಲ್ಲ, ಇಲ್ಲಿ ಇಸಕೊಂಡವನೂ ಕೋಡಂಗಿಯೇ. ವೀರಭದ್ರನ ಕಚೇರಿ ಜಿಲ್ಲಾ ಕೇಂದ್ರದಲ್ಲಿದೆ. ವಿಷಯ ನಿರ್ವಾಹಕರು ರಜೆಯ ಮೇಲಿದ್ದಾರೆ.

ಇದೇ ಉದ್ದರಿಯಿಂದ ನನಗೊಂದು ಧರ್ಮಸಂಕಟವೂ ಬಂದಿತ್ತು. ಇದೇ ಉದ್ದೇಶಕ್ಕೆ ಬೇರೆ ಇಲಾಖೆಯಿಂದ ಅನುದಾನ ಪಡೆದಿಲ್ಲ, ಕೇಳಿಯೂ ಇಲ್ಲ ಎಂದು ಅರ್ಜಿಯ ಜೊತೆ ಪ್ರಮಾಣೀಕರಿಸಬೇಕು. ಶೆಟ್ಟರನ್ನು ಇಲಾಖೆ ಎಂದು ಪರಿಗಣಿಸಬೇಕೋ ಬೇಡವೋ? ಎರಡು ರಾತ್ರಿ ಯೋಚಿಸಿ ಸಹಿ ಹಾಕಿದೆ.

ಇನ್ನು ದುಡಿಯುವವರ ಸಂಬಳ. ಕ್ಷಮಿಸಿ, ಸಂಬಳ ಎನ್ನಬಾರದು, ಗೌರವಧನ. ನಮ್ಮದಲ್ಲದಿದ್ದರೂ ಉದಾಹರಣೆಗೆ ಹೇಳುವುದಾದರೆ, 2017ರ ರಾಷ್ಟ್ರೀಯ ಶಿಶುಪಾಲನಾ ಕೇಂದ್ರ ಯೋಜನೆಯಲ್ಲಿ ದಿನವಿಡೀ ಮಕ್ಕಳನ್ನು ನೋಡಿಕೊಳ್ಳುವ ಕಾರ್ಯಕರ್ತೆಗೆ ತಿಂಗಳಿಗೆ 3,000 ರೂಪಾಯಿ, ಸಹಾಯಕಿಗೆ 1,500 ಎಂದು ನಿಗದಿ ಮಾಡಿದ್ದರು. ಅದರಲ್ಲೂ ನೂರಕ್ಕೆ ಕೇಂದ್ರ 60, ರಾಜ್ಯ 30 ಕೊಟ್ಟು, ಉಳಿದ 10 ಪಾಲನ್ನು ಸಂಸ್ಥೆಯೇ ಹೊಂದಿಸಿಕೊಳ್ಳಬೇಕಿತ್ತು. ಗೌರವಧನ ಎಂಬ ಸಮಾಸವನ್ನು ಬಿಡಿಸಿದರೆ ವ್ಯವಸ್ಥೆ ಅರ್ಥವಾಗುತ್ತದೆ: ಗೌರವ ತಿಂಗಳು ತಿಂಗಳಿಗೆ, ಧನ ವರ್ಷಕ್ಕೊಮ್ಮೆ. ನಮ್ಮ ಅಡುಗೆಯಾಕೆ ಗೌರವವನ್ನು ಗ್ಯಾಸ್ ಏಜೆನ್ಸಿಯವರಿಗೆ ಕೊಟ್ಟು ನೋಡಿದಳಂತೆ, ಅವರು ತೆಗೆದುಕೊಳ್ಳಲಿಲ್ಲ.

ಈಗ ಅಜ್ಜಿಯ ವಿಷಯಕ್ಕೆ ಬರುತ್ತೇನೆ. 1992ರಿಂದ ನಡೆದುಬಂದಿರುವ ಹಿರಿಯ ನಾಗರಿಕರ ಯೋಜನೆಯ ಲೆಕ್ಕದಲ್ಲಿ ಒಂದು ವೃದ್ಧಾಶ್ರಮ ಎಂದರೆ 25 ಜನ. ನಮ್ಮಲ್ಲಿ ಇಪ್ಪತ್ತೈದು ಮಂಚಗಳಿವೆ. ಅನುದಾನದಿಂದ ಕೊಂಡ ಆಸ್ತಿಗೆಲ್ಲ ವಹಿ ಇಡಬೇಕೆಂಬ ನಿಯಮವಿದೆಯಾದ್ದರಿಂದ ಮಂಚದ ಕಾಲಿನಿಂದ ಹಿಡಿದು ಇಡ್ಲಿ ಪಾತ್ರೆಯ ಮುಚ್ಚಳದವರೆಗೆ ಕೆಂಪು ಬಣ್ಣದಲ್ಲಿ ಸಂಖ್ಯೆ ಬರೆಸಿದ್ದೇವೆ. ಒಂದು ಸಂಜೆ ಯಾರೋ ಬಸ್ಸಿನಿಂದ ಇಳಿಸಿ ಹೋದ ಅಜ್ಜಿಯೊಬ್ಬರು ಜಗುಲಿಯ ಮೇಲೆ ಬಂದು ಕುಳಿತರು. ಅವರಿಗೆ ಸಂಖ್ಯೆ ಇರಲಿಲ್ಲ. ಆಧಾರ್ ಮಾಡಿಸೋಣವೆಂದರೆ ಬೆರಳಿನ ರೇಖೆಗಳೆಲ್ಲ ಸವೆದುಹೋಗಿವೆ, ಯಂತ್ರ ಒಪ್ಪುತ್ತಿಲ್ಲ. ಕಣ್ಣಿನ ಗುರುತಿಗೆ ಪೊರೆ ಅಡ್ಡ. ಅರವತ್ತು ತುಂಬಿದ್ದಕ್ಕೆ ದಾಖಲೆ ಏನು ಎಂದರೆ, "ವಿಧಾನಸೌಧ ಕಟ್ಟುವಾಗ ನಮ್ಮಪ್ಪ ಅಲ್ಲಿ ಕಲ್ಲು ಹೊರುತ್ತಿದ್ದ, ನಾನು ಬುತ್ತಿ ಒಯ್ಯುತ್ತಿದ್ದೆ" ಎನ್ನುತ್ತಾರೆ. ವಿಧಾನಸೌಧ ಮುಗಿದದ್ದು 1956ರಲ್ಲಿ. ಬುತ್ತಿ ಹೊತ್ತ ಹುಡುಗಿಗೆ ಈಗ ಅರವತ್ತಾಗಿರಲಾರದು ಎಂದು ವಾದಿಸಲು ಗಣಿತ ಬೇಕಾಗಿಲ್ಲ, ಜಾಲತಾಣ ಸಾಕು. ಆ ಕಲ್ಲಿನ ಕಟ್ಟಡವನ್ನು ದಾಖಲೆಯಾಗಿ ಅಪ್‌ಲೋಡ್ ಮಾಡಲು ಅದರಲ್ಲಿ ಅವಕಾಶವಿಲ್ಲ.

ಮೊದಲ ವರ್ಷ ತಪಾಸಣೆಗೆ ಬಂದವರು ತಲೆ ಎಣಿಸಿ, "ಮಂಜೂರಾದ ಸಂಖ್ಯೆಗಿಂತ ಒಬ್ಬರು ಹೆಚ್ಚಿರುವುದು ಕಂಡುಬಂದಿದೆ, ಯಾವ ಆದೇಶದ ಮೇರೆಗೆ?" ಎಂದು ಶರಾ ಬರೆದರು. ಹಸಿವಿನ ಆದೇಶದ ಮೇರೆಗೆ ಎಂದು ಉತ್ತರ ಬರೆಯುವಷ್ಟು ಧೈರ್ಯ ಖಜಾಂಚಿಗಳಿಗೆ ಇರುವುದಿಲ್ಲ. ಅಂದಿನಿಂದ ತಪಾಸಣೆಯ ಸುಳಿವು ಸಿಕ್ಕಿದ ಕೂಡಲೇ ಅಜ್ಜಿಯನ್ನು ಆಂಜನೇಯನ ಗುಡಿಗೆ ಕಳಿಸುತ್ತೇವೆ. ಉಳಿದವರನ್ನು ಸಾಲಾಗಿ ನಿಲ್ಲಿಸಿ ಅಕ್ಷಾಂಶ ರೇಖಾಂಶ ಮೂಡುವ ಫೋಟೊ ತೆಗೆಯುತ್ತಾರೆ. ಅಜ್ಜಿ ಸಂಜೆ ಪ್ರಸಾದ ಹಿಡಿದು ಬರುತ್ತಾರೆ. "ಆ ಸಾಹೇಬರು ಪುಣ್ಯವಂತರು, ಅವರು ಬಂದಾಗಲೆಲ್ಲ ನನಗೆ ದೇವರ ದರ್ಶನವಾಗುತ್ತದೆ" ಎಂದು ಹರಸುತ್ತಾರೆ. ತಮ್ಮಪ್ಪ ಕಲ್ಲು ಹೊತ್ತ ಕಟ್ಟಡದ ಹಣೆಯ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಬರೆದಿರುವುದು ಓದು ಬಾರದ ಅವರಿಗೆ ತಿಳಿದಿರಲಾರದು.

ಜನವರಿಯಲ್ಲಿ ಹನ್ನೊಂದನೆಯ ಮಂಚದ ಅಜ್ಜ ತೀರಿಕೊಂಡರು. ಪಟ್ಟಿ 24ಕ್ಕೆ ಇಳಿಯಿತು. ಈಗ ಮನೆಯಲ್ಲಿ ಇರುವವರು ಇಪ್ಪತ್ತೈದು, ಮಂಚ ಇಪ್ಪತ್ತೈದು, ಮಂಜೂರಾತಿಯೂ ಇಪ್ಪತ್ತೈದು. ಹನ್ನೊಂದನೆಯ ಮಂಚದ ಮೇಲೆ ಅಜ್ಜಿ ಕಾಲು ಚಾಚಿ ಮಲಗುತ್ತಾರೆ. ಆದರೂ ಕಾಗದದಲ್ಲಿ ಅವರು ಇಪ್ಪತ್ತಾರನೆಯವರೇ. "ಒಂದು ಸ್ಥಾನ ಭರ್ತಿಯಾಗದಿರುವುದು ಗಮನಕ್ಕೆ ಬಂದಿದೆ, ಕಾರಣ ತಿಳಿಸುವುದು" ಎಂಬ ಪತ್ರ ಬಂದಿದೆ. ಅಜ್ಜಿಯನ್ನೇ ಲಕೋಟೆಯಲ್ಲಿ ಹಾಕಿ ಕಳಿಸೋಣವೇ ಎಂದು ಅಡುಗೆಯಾಕೆ ಕೇಳಿದಳು.

ನಮ್ಮ ಆಶ್ರಮದ ಎದುರಿಗೇ ಸಮುದಾಯ ಭವನವೊಂದಿದೆ. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಏಕೆಂದರೆ ಅಲ್ಲಿ ಹೆಚ್ಚು ನಡೆಯುವುದೇನಿಲ್ಲ. ಬೀಗ ಹಾಕಿರುತ್ತದೆ, ಮೆಟ್ಟಿಲ ಮೇಲೆ ರಾಗಿ ಒಣಗುತ್ತದೆ, ಮೇಕೆಗಳು ನೆರಳಿಗೆ ಬರುತ್ತವೆ. ಮೇಕೆಗಳೂ ಒಂದು ಸಮುದಾಯವೇ. ಈ ಭವನಕ್ಕೆ ಹಣ ತಡವಾಗಲಿಲ್ಲ. ಸಂಸದರಿಗೆ ವರ್ಷಕ್ಕೆ 5 ಕೋಟಿ, ನಮ್ಮ ಶಾಸಕರಿಗೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇರುತ್ತದಲ್ಲ, ಒಮ್ಮೆ ನಾನೂ ಅರ್ಜಿ ಹಿಡಿದು ಹೋಗಿದ್ದೆ. "ಬಾಳಿಕೆ ಬರುವ ಆಸ್ತಿ ಕೇಳಿ ಮೇಷ್ಟ್ರೇ, ಕೊಡಿಸೋಣ. ಅನ್ನ, ಸಂಬಳ ಇವಕ್ಕೆಲ್ಲ ಬರುವುದಿಲ್ಲ" ಎಂದರು ಅಲ್ಲಿದ್ದವರು. ಸುಳ್ಳಲ್ಲ, ಸಂಸದರ ನಿಧಿಯ ಮಾರ್ಗಸೂಚಿಯಲ್ಲೇ ಹಾಗಿದೆ: ಬಾಳುವ ಆಸ್ತಿಗೆ ಮಾತ್ರ, ತಿಂಗಳು ತಿಂಗಳ ಖರ್ಚಿಗೆ ಇಲ್ಲ. ಕಟ್ಟಿದ್ದಕ್ಕೆ ಸಂಸದರ ಹೆಸರಿನ ಫಲಕ ಇರಬೇಕೆಂಬುದೂ ಅದೇ ಮಾರ್ಗಸೂಚಿಯಲ್ಲಿದೆ.

ತೊಡಕು ಇರುವುದೇ ಇಲ್ಲಿ. ಬೆಂದ ಅನ್ನಕ್ಕೆ ಶಂಕುಸ್ಥಾಪನೆ ಮಾಡಲಾಗುವುದಿಲ್ಲ. ಸಾರಿಗೆ ಫಲಕ ನಿಲ್ಲುವುದಿಲ್ಲ, ಮುಳುಗುತ್ತದೆ. ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಜಾತ್ರೆಗಳಲ್ಲಿ ಅಕ್ಕಿ ಕಾಳಿನ ಮೇಲೆ ಹೆಸರು ಬರೆದುಕೊಡುವ ಕುಶಲಕರ್ಮಿಗಳು ಸಿಗುತ್ತಾರೆ. ಅವರನ್ನು ಹೊರಗುತ್ತಿಗೆಯ ಮೇಲೆ ನೇಮಿಸಿಕೊಂಡು ಒಂದೊಂದು ಕಾಳಿನ ಮೇಲೂ ಸನ್ಮಾನ್ಯರ ಹೆಸರು ಬರೆಸಬಹುದು. ನಮ್ಮ ವೃದ್ಧರಿಗೆ ಹಲ್ಲಿಲ್ಲ, ಕಣ್ಣೂ ಮಂದ. ಯಾರ ಹೆಸರನ್ನಾದರೂ ನುಂಗುತ್ತಾರೆ.

ಮಾರ್ಚ್ 31 ನಮಗೆ ದೀಪಾವಳಿ. ಹಣಕಾಸು ವರ್ಷದ ಕೊನೆಯ ತಿಂಗಳುಗಳಲ್ಲಿ ಗಡಿಬಿಡಿಯಿಂದ ಖರ್ಚು ಹಾಕುವುದು ಹಣಕಾಸಿನ ಔಚಿತ್ಯಕ್ಕೆ ಭಂಗ ಎಂದು ಅದೇ ಸಾಮಾನ್ಯ ಹಣಕಾಸು ನಿಯಮಗಳ 62ನೆಯ ನಿಯಮ ಸಾರುತ್ತದೆ. ಈ ನಿಯಮವನ್ನು ಗೋಡೆಗೆ ಹಚ್ಚಿಕೊಂಡ ಕಚೇರಿಗಳಲ್ಲೇ ಅಂದು ರಾತ್ರಿ ಹನ್ನೆರಡರವರೆಗೆ ದೀಪ ಉರಿಯುತ್ತದೆ. ಈ ಸಲ ಸಂಜೆ ಐದೂ ಮುಕ್ಕಾಲಿಗೆ ನನ್ನ ಮೊಬೈಲ್ ಕುಂಯ್ ಎಂದಿತು: ಹಿಂದಿನ ವರ್ಷದ ಬಾಬ್ತು ಜಮಾ ಆಗಿದೆ. ಅಟ್ಟ ಮೇಲೆ ಒಲೆ ಉರಿಯಿತು. ಉಂಡವರಲ್ಲಿ ಒಬ್ಬರು ಆಗಲೇ ಬೂದಿಯಾಗಿದ್ದರು. ಆರೂ ಹತ್ತಕ್ಕೆ ವಿಷಯ ನಿರ್ವಾಹಕರ ಕರೆ ಬಂತು, ಹಣ ಬಳಕೆ ಪ್ರಮಾಣಪತ್ರವನ್ನು ಇಂದೇ ಕಳಿಸಬೇಕಂತೆ.

ಅದೇ ಹಣಕಾಸು ನಿಯಮಗಳ 12ಎ ನಮೂನೆಯ (ಆದಾಯ ತೆರಿಗೆಯ 12ಎ ಬೇರೆ) ಆ ಪ್ರಮಾಣಪತ್ರದ ಕೆಳಗೆ ಎರಡು ಸಹಿ ಬೇಕು. ಒಂದು ಸಂಸ್ಥೆಯ ಮುಖ್ಯಸ್ಥರದು, ಇನ್ನೊಂದು ಮುಖ್ಯ ಹಣಕಾಸು ಅಧಿಕಾರಿಯದು. ಆ ಅಧಿಕಾರಿ ನಾನೇ. ಲುಂಗಿಯಲ್ಲಿ ಜಗುಲಿಯ ಮೇಲೆ ಕುಳಿತು, ಮೊಣಕಾಲ ಮೇಲೆ ಕಾಗದವಿಟ್ಟುಕೊಂಡು, ಐವತ್ತು ನಿಮಿಷದ ಹಿಂದೆ ಬಂದ ಹಣವನ್ನು ವರ್ಷವಿಡೀ ಷರತ್ತುಬದ್ಧವಾಗಿ ಬಳಸಿದ್ದೇನೆಂದು ಮನದಟ್ಟು ಮಾಡಿಕೊಂಡು ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಶೆಟ್ಟರ ಬಾಕಿ ತೀರಿಸಲು ಹೋದೆ. ಅವರು ಹಳೆಯ ಪುಟದ ಮೇಲೆ ಅಡ್ಡಗೆರೆ ಎಳೆದು, ಹೊಸ ಪುಟ ತೆಗೆದು, ನೆತ್ತಿಯಲ್ಲಿ "ಶ್ರೀ" ಬರೆದರು.

"ಎಷ್ಟು ಜನಕ್ಕೆ, ಮೇಷ್ಟ್ರೇ?"

"ಇಪ್ಪತ್ತನಾಲ್ಕು" ಎಂದೆ. ರಾತ್ರಿಯೆಲ್ಲ ಬರೆದ ಅಂಕಿ, ಬಾಯಿಗೆ ಅದೇ ಬಂತು.

ಶೆಟ್ಟರು ಕನ್ನಡಕದ ಮೇಲಿಂದ ನೋಡಿದರು. "ಯಾಕೆ, ಬುತ್ತಿ ಅಜ್ಜಿ ಊಟ ಬಿಟ್ಟರೇ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಇಪ್ಪತ್ತೈದು ಎಂದು ಬರೆದುಕೊಂಡರು.